ಚಕ್ರವರ್ತಿಗೆ ಮೈಸೂರು ಪೇಟ

ನೈರೋಬಿಯ ಲಂಗಾಟಾದಲ್ಲಿ ನಮ್ಮದೊಂದು ಕನ್ನಡ ಗೆಳೆಯರ ಬಳಗವಿದೆ. ಮೂವತ್ತೆಂಟು ಮನೆಗಳು, ಹನ್ನೊಂದು ಪದಾಧಿಕಾರಿಗಳು. ಅಧ್ಯಕ್ಷರು ದುಬೈಗೆ ವರ್ಗವಾಗಿ ಒಂದೂವರೆ ವರ್ಷ ಕಳೆದರೂ ಲೆಟರ್‌ಹೆಡ್ಡಿನಲ್ಲಿ ಇನ್ನೂ ಅವರದೇ ಹೆಸರು. ಹೊಸಬರನ್ನು ಆರಿಸಲು ಸಭೆ ಕರೆಯಬೇಕಾದವರು ಅಧ್ಯಕ್ಷರೇ ಆದ್ದರಿಂದ ಆ ಕೆಲಸ ನಿಂತಲ್ಲೇ ನಿಂತಿದೆ. ಕಾರ್ಯದರ್ಶಿ ನಾನು, ಅನಂತ್. ಹೊಟ್ಟೆಪಾಡಿಗೆ ಟೆಲಿಕಾಂ ಕಂಪನಿಯೊಂದರಲ್ಲಿದ್ದೇನೆ. ಆದರೆ ಬಳಗ ಅಂದರೆ ಜನಕ್ಕೆ ಮೊದಲು ಕಣ್ಣೆದುರು ಬರುವವರು ನಾನೂ ಅಲ್ಲ, ಅಧ್ಯಕ್ಷರೂ ಅಲ್ಲ. ಸನ್ಮಾನ ಸಮಿತಿಯ ಸಂಚಾಲಕ ಲಕ್ಷ್ಮೀಕಾಂತರು.

ಲಕ್ಷ್ಮೀಕಾಂತರಿಗೆ ಈಗ ಐವತ್ತೆಂಟು. ಮೈಸೂರಿನ ನಜರ್‌ಬಾದಿನಲ್ಲಿ ಹುಟ್ಟಿ, ರಸಾಯನಶಾಸ್ತ್ರ ಓದಿ, ಇಪ್ಪತ್ತು ವರ್ಷದ ಹಿಂದೆ ಇಲ್ಲಿಗೆ ಬಂದವರು. ಗುಜರಾತಿ ಮಾಲೀಕರ ಔಷಧಿ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ಪರೀಕ್ಷೆಯ ಮುಖ್ಯಸ್ಥರು. ಅವರ ಸಹಿಯಿಲ್ಲದೆ ಒಂದು ಬಾಟಲಿ ಕೆಮ್ಮಿನ ಸಿರಪ್ಪೂ ಗೇಟು ದಾಟುವುದಿಲ್ಲ. ಹತ್ತು ಸಾವಿರ ಬಾಟಲಿಗಳಲ್ಲಿ ಒಂದರ ಲೇಬಲ್ಲು ಸೊಟ್ಟಗಿದ್ದರೂ ಅವರ ಕಣ್ಣು ನೇರ ಅಲ್ಲಿಗೇ ಹೋಗುತ್ತದೆ. ಕೆಲಸಗಾರರು ಬೆನ್ನ ಹಿಂದೆ ಅವರನ್ನು 'ಬ್ವಾನಾ ಹಪಾನಾ' ಅನ್ನುತ್ತಾರೆ, ಅಂದರೆ 'ಇಲ್ಲಪ್ಪ ಸಾಹೇಬರು'. ಇಪ್ಪತ್ತು ವರ್ಷದಲ್ಲಿ ಅವರು ಕಲಿತ ಸ್ವಾಹಿಲಿ ಮೂರು ಮಾತು: ಸವಾ ಅಂದರೆ ಸರಿ, ಅಸಾಂಟೆ ಅಂದರೆ ಧನ್ಯವಾದ, ಮತ್ತೆ ಈ ಹಪಾನಾ. ಅದರಲ್ಲೂ ಬಳಕೆಯಲ್ಲಿರುವುದು ಕೊನೆಯದೇ.

ಕಾರ್ಖಾನೆಯ ಹೊರಗೆ ಅವರ ಮಾತೆಲ್ಲ ಅರಮನೆಯದು. "ನಮ್ಮ ತಾತ ಮೈಸೂರು ಅರಮನೆಗೆ ಬೆಳಕು ಕೊಟ್ಟವರು" ಎಂದು ಅವರು ಹೇಳುವಾಗ ದನಿ ಸ್ವಲ್ಪ ತಗ್ಗುತ್ತದೆ. ಕೇಳಿದವರು ತಾತ ದಿವಾನರೋ, ರಾಜಗುರುವೋ, ಕೊನೆಗೆ ದೊಡ್ಡ ಎಂಜಿನಿಯರೋ ಆಗಿದ್ದಿರಬೇಕು ಅಂದುಕೊಳ್ಳುತ್ತಾರೆ. ಲಕ್ಷ್ಮೀಕಾಂತರು ಯಾರ ಊಹೆಯನ್ನೂ ತಿದ್ದಿದವರಲ್ಲ. ತಾತ ಅರಮನೆಯ ವಿದ್ಯುತ್ ವಿಭಾಗದಲ್ಲಿ ಬಲ್ಬು ಬದಲಾಯಿಸುವ ಕೆಲಸದಲ್ಲಿದ್ದರು. ಈ ಸಂಗತಿ ಅವರ ಹೆಂಡತಿ ಲೀಲಾ ಅವರಿಗೆ ಅತ್ತೆಯ ಬಾಯಿಂದ ಗೊತ್ತಿತ್ತು, ಲೀಲಾ ಅವರಿಂದ ನನ್ನ ಹೆಂಡತಿಗೆ, ಹಾಗಾಗಿ ಮೂವತ್ತೆಂಟೂ ಮನೆಗೆ ಗೊತ್ತಿತ್ತು. ಗೊತ್ತಿದ್ದೂ ಯಾರೂ ಆಡುತ್ತಿರಲಿಲ್ಲ. ಪರದೇಶದಲ್ಲಿ ಒಬ್ಬರ ತಾತನನ್ನು ಇನ್ನೊಬ್ಬರು ಕೆದಕುವುದಿಲ್ಲ ಎಂಬುದು ನಮ್ಮಲ್ಲಿ ಬರೆಯದ ಒಪ್ಪಂದ.

ಬಳಗದ ಮೈಸೂರು ಪೇಟಗಳು, ಶಾಲುಗಳು ಲಕ್ಷ್ಮೀಕಾಂತರ ಮನೆಯ ಕಬ್ಬಿಣದ ಟ್ರಂಕಿನಲ್ಲಿರುತ್ತವೆ. ಬೀಗದ ಕೈ ಅವರ ಹತ್ತಿರ. ಎರಡು ವರ್ಷದ ಹಿಂದೆ ರಾಜ್ಯೋತ್ಸವದ ದಿನ ಒಂದು ಅನಾಹುತವಾಯಿತು. ಮೈಕು ಕೆಟ್ಟಿತೆಂದು ಕರೆಸಿದ ಒಟಿಯೆನೋ ಎಂಬ ಎಲೆಕ್ಟ್ರಿಷಿಯನ್ ಒಳ್ಳೆಯ ಕೋಟು ಹಾಕಿಕೊಂಡು ಬಂದು, ಬಿಡುವಾದಾಗ ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತ. ಸ್ವಯಂಸೇವಕನೊಬ್ಬ ಇವರೇ ಮುಖ್ಯ ಅತಿಥಿ ಎಂದುಕೊಂಡು ವೇದಿಕೆಗೆ ಕರೆದು ಶಾಲು ಹೊದಿಸಿ ಪೇಟ ಇಟ್ಟುಬಿಟ್ಟ. ಚಪ್ಪಾಳೆಯೂ ಬಿತ್ತು. ಲಕ್ಷ್ಮೀಕಾಂತರು ಆ ರಾತ್ರಿ ಊಟ ಮಾಡಲಿಲ್ಲ. "ಕರೆಂಟ್ ಕೆಲಸದವನ ತಲೆ ಮೇಲೆ ಮೈಸೂರು ಪೇಟ! ಅಂದ್ರೆ ಏನ್ರೀ ಅರ್ಥ?" ಎಂದು ನನ್ನನ್ನು ಹಿಡಿದು ಕೇಳಿದರು. ಪಕ್ಕದಲ್ಲಿದ್ದ ಲೀಲಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಡುಗೆ ಕಡೆ ಹೋದರು.

ಹೋದ ವರ್ಷ ಏಪ್ರಿಲ್ಲಿನಲ್ಲಿ ದಸರಾ ಸ್ಮರಣ ಸಂಚಿಕೆಯ ಸಭೆ ಸೇರಿತು. ಲಕ್ಷ್ಮೀಕಾಂತರು ಎದ್ದು ನಿಂತರು.

"ಎಷ್ಟು ವರ್ಷ ಅಂತ ಯೋಗಾ ಮೇಷ್ಟ್ರಿಗೆ, ಕೇಟರಿಂಗ್‌ನವ್ರಿಗೆ ಪೇಟ ಇಡೋದು? ಪೇಟಕ್ಕೆ ತಕ್ಕ ತಲೆ ಬೇಕ್ರೀ. ಈ ಸಲ ಒಬ್ಬ ರಾಜನಿಗೆ ಸನ್ಮಾನ ಮಾಡೋಣ."

"ಕೀನ್ಯಾದಲ್ಲಿ ರಾಜ ಎಲ್ಲಿ ಸಾರ್? ಈ ಊರೇ ರೈಲ್ವೆ ಕ್ಯಾಂಪು ಬೆಳೆದು ಆಗಿದ್ದು" ಎಂದೆ ನಾನು.

ಸಂಸತ್ತಿನ ಪಕ್ಕದಲ್ಲಿ ಮೊದಲ ರಾಷ್ಟ್ರಾಧ್ಯಕ್ಷರ ಸಮಾಧಿಯಿದೆಯಲ್ಲ ಎಂದು ಯಾರೋ ನೆನಪಿಸಿದರು. ಅವರು ರಾಷ್ಟ್ರಪಿತರು, ರಾಜರಲ್ಲ. ಮೇಲಾಗಿ ಅಲ್ಲಿ ಬಂದೂಕು ಹಿಡಿದು ಸೈನಿಕರು ನಿಂತಿರುತ್ತಾರೆ, ಹಾರ ಹಿಡಿದುಕೊಂಡು ಸುಮ್ಮನೆ ಒಳಗೆ ನುಗ್ಗಲಾಗುವುದಿಲ್ಲ ಎಂದು ಲಕ್ಷ್ಮೀಕಾಂತರು ತಳ್ಳಿಹಾಕಿದರು. ಅವರು ಆಗಲೇ ಮನಸ್ಸಿನಲ್ಲಿ ಒಬ್ಬರನ್ನು ಆರಿಸಿಕೊಂಡು ಬಂದಿದ್ದರು: ಇಥಿಯೋಪಿಯಾದ ಚಕ್ರವರ್ತಿ ಎರಡನೇ ಮೆನೆಲಿಕ್. ಅಡ್ವಾ ಎಂಬಲ್ಲಿ ಇಟಲಿಯ ಸೈನ್ಯವನ್ನು ಸೋಲಿಸಿ ಕಳಿಸಿದವನು. ಸಮಾಧಿ ಅಡಿಸ್ ಅಬಾಬಾದಲ್ಲಿದೆ, ಎರಡು ಗಂಟೆಯ ವಿಮಾನ. ಏಳು ಕೋಟಿ ಕನ್ನಡಿಗರ ಪರವಾಗಿ ಸಮಾಧಿಗೆ ಪೇಟ, ಶಾಲು, ಹಾರ, ಒಂದು ಫೋಟೋ, ಸಂಚಿಕೆಯ ಮುಖಪುಟ. ದುಬೈಯಿಂದ ಅಧ್ಯಕ್ಷರು ವಾಟ್ಸಾಪಿನಲ್ಲಿ ಹೆಬ್ಬೆರಳು ಎತ್ತಿದರು. ಠರಾವು ಪಾಸಾಯಿತು.

ಹೊರಡುವ ಮೊದಲೇ ಅವರು ಲೇಖನ ಬರೆದು ನನ್ನ ಕೈಗೆ ಕೊಟ್ಟರು. 'ಮೆನೆಲಿಕ್ ಮತ್ತು ಮೈಸೂರು: ಎರಡು ಸಾಮ್ರಾಜ್ಯಗಳ ಬಾಂಧವ್ಯ' ಎಂದು ತಲೆಬರಹ. ಚಕ್ರವರ್ತಿಯೂ ನಮ್ಮ ಮಹಾರಾಜರೂ ಪತ್ರ ಬರೆದುಕೊಂಡಿದ್ದರು ಎಂದು ಅದರಲ್ಲಿತ್ತು.

"ಇದಕ್ಕೆ ಆಧಾರ ಇದೆಯಾ ಸಾರ್?"

"ಬರೆದುಕೊಂಡಿರಲಿಲ್ಲ ಅನ್ನೋಕೆ ನಿಮ್ಮ ಹತ್ರ ಆಧಾರ ಇದೆಯಾ?"

ಸಮಾಧಿಯ ಮುಂದೆ ಪೇಟ ಇಟ್ಟ ಕ್ಷಣದಲ್ಲಿ ತಮಗಾದ ರೋಮಾಂಚನವನ್ನೂ ಅವರು ಒಂದೂವರೆ ಪುಟ ವರ್ಣಿಸಿದ್ದರು. ಟಿಕೆಟ್ಟು ಮಾತ್ರ ಇನ್ನೂ ಬುಕ್ಕಾಗಿರಲಿಲ್ಲ.

ಜೂನ್ ಒಂದರ ಮದರಾಕಾ ದಿನ, ಕೀನ್ಯಾದ ಸ್ವಯಂ ಆಡಳಿತದ ಹಬ್ಬ, ಭಾನುವಾರ ಬಿದ್ದು ಸೋಮವಾರವೂ ರಜೆ ಸಿಕ್ಕಿತು. ಲಕ್ಷ್ಮೀಕಾಂತರು, ಲೀಲಾ, ಫೋಟೋ ತೆಗೆಯಲು ನಾನು, ಮೂರು ಜನ ಶನಿವಾರ ಹೊರಟೆವು. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಹೆಣ್ಣುಮಗಳೊಬ್ಬಳು ಪೇಟದ ಡಬ್ಬಿ ತೆರೆಸಿದಳು. ಇದೇನು ಎಂದು ಕೇಳಿದಳು. ಕಿರೀಟ ಎಂದರು ಲಕ್ಷ್ಮೀಕಾಂತರು. ಯಾರಿಗೆ? ಚಕ್ರವರ್ತಿ ಮೆನೆಲಿಕ್‌ಗೆ. ನೀವು ಬರುವುದು ಅವರಿಗೆ ಗೊತ್ತಾ?

"ಅವರು ತೀರಿಕೊಂಡಿದ್ದು ಸಾವಿರದ ಒಂಬೈನೂರ ಹದಿಮೂರರಲ್ಲಿ" ಎಂದರು ಇವರು ಇಂಗ್ಲಿಷಿನಲ್ಲಿ, ಗಂಭೀರವಾಗಿ.

ಅವಳು ಅವರ ಮುಖ ನೋಡಿದಳು, ಪೇಟ ನೋಡಿದಳು, "ಸವಾ" ಎಂದು ಡಬ್ಬಿ ಮುಚ್ಚಿದಳು.

ಅಡಿಸ್‌ನಲ್ಲಿ ಹೋಟೆಲಿನವರು ಸಮಾಧಿಯಿರುವ ಮಠಕ್ಕೆ ಫೋನು ಮಾಡಿ ವಿಚಾರಿಸಿದರು. ಸೋಮವಾರ ಮೂರು ಗಂಟೆಗೆ ಬನ್ನಿ ಎಂದು ಉತ್ತರ ಬಂತು. ಮಧ್ಯಾಹ್ನ ಊಟ ಮುಗಿಸಿ, ಒಂದು ಸಣ್ಣ ನಿದ್ದೆ ತೆಗೆದು, ಜರಿ ಪಂಚೆ ಕಪ್ಪು ಕೋಟು ತೊಟ್ಟು ಹೋಗುವುದೆಂದು ಲಕ್ಷ್ಮೀಕಾಂತರು ಕಾರ್ಯಕ್ರಮ ಪಟ್ಟಿ ಹಾಕಿದರು.

ಸೋಮವಾರ ಬೆಳಿಗ್ಗೆ ತಿಂಡಿಗೆ ಕೂತಾಗ ಲೀಲಾ ಕಾಫಿ ತಂದ ಹುಡುಗಿಯ ಕೈಗಡಿಯಾರವನ್ನೇ ನೋಡುತ್ತಿದ್ದರು.

"ರೀ, ಇವಳ ವಾಚು ಎರಡೂಕಾಲು ತೋರಿಸ್ತಿದೆ."

"ನಿಂತಿರತ್ತೆ ಬಿಡು."

"ನಿಂತಿಲ್ಲ, ಸೆಕೆಂಡ್ ಮುಳ್ಳು ಓಡ್ತಿದೆ. ಈಗ ಎಂಟೂಕಾಲು. ಆರು ಗಂಟೆ ಹಿಂದೆ. ನಮ್ಮನೆ ಕೆಲಸದ ಅಚಿಯೆಂಗ್ ಬೆಳಿಗ್ಗೆ ಎಂಟಕ್ಕೆ 'ಸಾ ಮ್ಬಿಲಿ' ಅಂತಾಳಲ್ಲ, ಅಂದ್ರೆ ಎರಡು ಗಂಟೆ, ಹಾಗೇ ಇದು. ಸೂರ್ಯ ಹುಟ್ಟಿದ್ಮೇಲೆ ಲೆಕ್ಕ ಶುರು." ಲೀಲಾ ಎದ್ದು ನಿಂತರು. "ರೀ, ಅವರು ಹೇಳಿದ ಮೂರು ಗಂಟೆ ಅಂದ್ರೆ ಒಂಬತ್ತು!"

ಹುಡುಗಿಯನ್ನು ಕೇಳಿದೆವು. ಹೌದು, ಇಲ್ಲಿ ಎಲ್ಲರದೂ ಅದೇ ಲೆಕ್ಕ ಎಂದಳು. ಲಕ್ಷ್ಮೀಕಾಂತರ ಮುಖ ಬಿಳಿಚಿತು. ಸಮಯ ತಪ್ಪಿತೆಂದು ಮಾತ್ರವಲ್ಲ. ಕಾರ್ಖಾನೆಯ ವಾಚ್‌ಮನ್ನಿಗೆ ಗಂಟೆ ನೋಡಲು ಬರುವುದಿಲ್ಲವೆಂದು ಅವರು ಆಡಳಿತಕ್ಕೆ ನಾಲ್ಕು ಸಲ ದೂರು ಬರೆದಿದ್ದರು. ಅದು ಆಗ ತಲೆಗೆ ಹೊಳೆಯಿತೆಂದು ಟ್ಯಾಕ್ಸಿಯಲ್ಲಿ ತಾವಾಗಿಯೇ ಹೇಳಿದರು.

ಪಂಚೆ ಉಟ್ಟದ್ದು ಅವಸರದಲ್ಲಿ. ಬೂಟು ಸಿಗದೆ ವಾಕಿಂಗ್ ಶೂ. ಪೇಟದ ಡಬ್ಬಿಯನ್ನು ಮಂಚದ ಮೇಲೇ ಬಿಟ್ಟು, ಪೇಟವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು.

ಮಠದ ಅಂಗಳದಲ್ಲಿ ನೀಲಗಿರಿ ಮರಗಳಿದ್ದವು. ನಡುವೆ ಕಲ್ಲಿನ ದೊಡ್ಡ ಕಟ್ಟಡ, ಮೇಲೆ ಗುಮ್ಮಟ. ಬಾಗಿಲಲ್ಲಿ ಬಿಳಿ ಹೊದಿಕೆಯ ಒಬ್ಬ ವೃದ್ಧ ಪಾದ್ರಿ ಕಾಯುತ್ತಿದ್ದರು. ಹಿಂದೆ ಶಾಲಾ ಮೇಷ್ಟರಾಗಿದ್ದವರಂತೆ, ಇಂಗ್ಲಿಷ್ ಸ್ಪಷ್ಟವಾಗಿತ್ತು. ಹೆಸರು ಅಬ್ಬಾ ತೆಕ್ಲೆ. ಅಬ್ಬಾ ಅಂದರೆ ಅವರಲ್ಲಿ ಫಾದರ್ ಇದ್ದ ಹಾಗೆ. ಲೀಲಾ ಒಳಗೆ ಕಾಲಿಟ್ಟು, ಮೇಲಿನವರೆಗೂ ಬಿಡಿಸಿದ್ದ ಚಿತ್ರಗಳನ್ನು ನೋಡಿ "ಅಬ್ಬಾ!" ಎಂದರು. ಪಾದ್ರಿ ತಿರುಗಿ "ಹೇಳಮ್ಮ" ಎಂಬಂತೆ ನಿಂತರು. ದೊಡ್ಡ ನಗಾರಿಗಳನ್ನು ನೋಡಿ ಲೀಲಾ ಮತ್ತೆ "ಅಬ್ಬಾ!" ಪಾದ್ರಿ ಮತ್ತೆ ಹತ್ತಿರ ಬಂದರು. ಮೂರನೆಯ ಸಲಕ್ಕೆ ನಾನು ಅರ್ಥ ಬಿಡಿಸಿ ಹೇಳಿದೆ. ಅವರು ನಕ್ಕು, ನಿಮ್ಮ ಭಾಷೆಯಲ್ಲಿ ಆಶ್ಚರ್ಯವಾದರೆ ಪಾದ್ರಿಯನ್ನೇ ಕರೆಯುತ್ತೀರಿ, ಒಳ್ಳೆಯ ಪದ್ಧತಿ ಎಂದರು.

ಚಕ್ರವರ್ತಿ ಸತ್ತಾಗ ದರ್ಬಾರಿನ ದೊಡ್ಡವರು ಆ ಸುದ್ದಿಯನ್ನು ವರ್ಷಗಟ್ಟಲೆ ಹೊರಗೆ ಬಿಡಲಿಲ್ಲ ಎಂದು ಅವರು ವಿವರಿಸಿದರು. ಸತ್ತವನ ಹೆಸರಿನಲ್ಲೇ ರಾಜ್ಯ ನಡೆಯಿತಂತೆ.

"ನಮ್ಮ ಬಳಗದ ಹಾಗೇ" ಎಂದರು ಲೀಲಾ.

"ಅಧ್ಯಕ್ಷರು ಬದುಕಿದ್ದಾರೆ ಲೀಲಾ. ದುಬೈನಲ್ಲಿದ್ದಾರೆ" ಎಂದು ಲಕ್ಷ್ಮೀಕಾಂತರು ಗದರಿದರು.

ಅಬ್ಬಾ ತೆಕ್ಲೆ ನೆಲದ ಜಮಖಾನ ಸುತ್ತಿ ಸರಿಸಿದರು. ಕೆಳಗೆ ಕಬ್ಬಿಣದ ಮುಚ್ಚಳ. ಎತ್ತಿದರೆ ಮೆಟ್ಟಿಲು. ಸಮಾಧಿಗಳು ನೆಲಮಾಳಿಗೆಯಲ್ಲಿ. ಪಾದ್ರಿ ಮುಂದೆ ಇಳಿದರು, ನಾನು ಕ್ಯಾಮೆರಾ ಹಿಡಿದು ಹಿಂದೆ. ಲಕ್ಷ್ಮೀಕಾಂತರಿಗೆ ಒಂದು ಕೈಯಲ್ಲಿ ಪಂಚೆ ಎತ್ತಿ ಹಿಡಿಯಬೇಕಿತ್ತು, ಇನ್ನೊಂದು ಕೈಯಲ್ಲಿ ಗೋಡೆ ಹಿಡಿಯಬೇಕಿತ್ತು, ಬಗಲಲ್ಲಿ ಶಾಲು ಇತ್ತು. ಪೇಟಕ್ಕೆ ಜಾಗವಿಲ್ಲದೆ, ನಾಲ್ಕು ಮೆಟ್ಟಿಲ ಮಟ್ಟಿಗೆ ತಾನೇ ಎಂದು, ಚಕ್ರವರ್ತಿಯ ಪೇಟವನ್ನು ತಮ್ಮ ತಲೆಗೇ ಇಟ್ಟುಕೊಂಡರು. ತಲೆ ಬಗ್ಗಿಸಿ ಎಂದು ಕೆಳಗಿನಿಂದ ಪಾದ್ರಿ ಕೂಗಿದರು. ಕಿರೀಟ ತೊಟ್ಟವರು ತಲೆ ಬಗ್ಗಿಸುತ್ತಾರೆಯೇ? ಧಡ್ ಎಂದು ಸದ್ದಾಯಿತು. ತಿರುಗಿ ನೋಡುತ್ತೇನೆ, ಲಕ್ಷ್ಮೀಕಾಂತರು ಮೆಟ್ಟಿಲ ಮೇಲೆ ಕೂತಿದ್ದಾರೆ. ಜರಿಯ ಪೇಟ ಹಪ್ಪಳದಂತೆ ಚಪ್ಪಟೆಯಾಗಿ ಕಿವಿಯ ಮೇಲೆ ಜೋತಿದೆ.

ರಕ್ತ ಬಂದಿರಲಿಲ್ಲ. ಪೇಟವಿಲ್ಲದಿದ್ದರೆ ಬರುತ್ತಿತ್ತು. ನೆತ್ತಿಯ ಮೇಲೆ ಸಣ್ಣ ನಿಂಬೆಹಣ್ಣಿನಷ್ಟು ಊದಿತು. ಲೀಲಾ ಬಾಟಲಿಯ ನೀರಲ್ಲಿ ಕರ್ಚೀಫು ಅದ್ದಿ ಒತ್ತಿದರು. ಅಬ್ಬಾ ತೆಕ್ಲೆ ಹತ್ತಿರದ ಮೆಟ್ಟಿಲಲ್ಲಿ ಕೂತು, ಇಷ್ಟೆಲ್ಲ ಏಕೆ ತಂದಿರಿ ಎಂದು ಸಮಾಧಾನದಿಂದ ಕೇಳಿದರು. ನಾನು ಠರಾವಿನ ವಿಷಯ ತಿಳಿಸಿದೆ. ಅವರು ತಲೆಯಾಡಿಸಿದರು. ಸಮಾಧಿಯ ಮೇಲೆ ಏನನ್ನೂ ಇಡುವಂತಿಲ್ಲ. ಚಕ್ರವರ್ತಿಗೆ ಕಿರೀಟ ಆಗಲೇ ಇದೆ.

"ನಾವು ಸುಮ್ಮನೆ ಬಂದವರಲ್ಲ" ಎಂದು ಲಕ್ಷ್ಮೀಕಾಂತರು ಹಣೆ ಹಿಡಿದುಕೊಂಡೇ ಇಂಗ್ಲಿಷಿನಲ್ಲಿ ಶುರು ಮಾಡಿದರು. "ನಮ್ಮದೂ ಅರಮನೆಗೆ ಸೇರಿದ ಮನೆತನ."

ಪಾದ್ರಿಯ ಮುಖ ಅರಳಿತು. "ಹೌದಾ? ನನ್ನ ತಾತನೂ ಅರಮನೆಯಲ್ಲಿದ್ದ. ಹೇಸರಗತ್ತೆ ನೋಡಿಕೊಳ್ಳುತ್ತಿದ್ದ. ನಲವತ್ತು ಹೇಸರಗತ್ತೆಗಳು, ಒಂದೊಂದರ ಹೆಸರೂ ಬಾಯಿಗೆ ಬರುತ್ತಿತ್ತು. ಯಾವುದು ಯಾವ ಮಂತ್ರಿಯನ್ನು ಕಚ್ಚಿದೆ ಅನ್ನುವುದೂ ಗೊತ್ತಿತ್ತು. ನಿಮ್ಮ ತಾತ ಏನು ಮಾಡುತ್ತಿದ್ದ?"

ಲಕ್ಷ್ಮೀಕಾಂತರು ಬಾಯಿ ತೆರೆದರು. 'ಬೆಳಕು ಕೊಟ್ಟವರು' ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು, ನನಗೆ ಕಂಡಿತು. ಅವರು ಒಮ್ಮೆ ಲೀಲಾ ಕಡೆ ನೋಡಿದರು. ಲೀಲಾ ಕರ್ಚೀಫು ಒತ್ತುತ್ತಲೇ ಇದ್ದರು.

"ಬಲ್ಬು ಬದಲಾಯಿಸುತ್ತಿದ್ದರು" ಎಂದರು ಲಕ್ಷ್ಮೀಕಾಂತರು.

"ಎಷ್ಟು ಬಲ್ಬು?"

"ಸುಮಾರು ಒಂದು ಲಕ್ಷ. ಅರಮನೆ ತುಂಬಾ ಹಚ್ಚುತ್ತಾರೆ, ದಸರೆಯಲ್ಲಿ."

ಪಾದ್ರಿ ಕೈಯಲ್ಲಿದ್ದ ಮೇಣದ ಬತ್ತಿಯನ್ನು ಕೆಳಗಿಟ್ಟರು. "ಒಂದು ಲಕ್ಷದಲ್ಲಿ ಯಾವುದು ಕೆಟ್ಟಿದೆ ಅಂತ ಹೇಗೆ ಕಂಡುಹಿಡಿಯುತ್ತಿದ್ದ?"

ಇಪ್ಪತ್ತು ವರ್ಷದಲ್ಲಿ ಲಕ್ಷ್ಮೀಕಾಂತರ ತಾತನ ಬಗ್ಗೆ ಯಾರೂ ಕೇಳದಿದ್ದ ಪ್ರಶ್ನೆ ಅದು. ದಿವಾನರ ಬಗ್ಗೆ ಕೇಳುವುದಕ್ಕೆ ಏನಿರುತ್ತದೆ? ಬಲ್ಬಿನ ಬಗ್ಗೆ ಎಷ್ಟೊಂದು ಇತ್ತು! ಅವರು ಮೊದಲು ಇಂಗ್ಲಿಷಿನಲ್ಲಿ ಹೇಳತೊಡಗಿದರು, ನಡುವೆ ಕನ್ನಡಕ್ಕೆ ಹೊರಳಿದರು, ನಾನು ಸಿಕ್ಕಷ್ಟು ತರ್ಜುಮೆ ಮಾಡಿದೆ. ತಾತ ಸಂಜೆ ಅವರನ್ನು ಹೆಗಲ ಮೇಲೆ ಕೂರಿಸಿಕೊಂಡು ಕೋಟೆ ಬಾಗಿಲ ಹತ್ತಿರ ನಿಲ್ಲುತ್ತಿದ್ದರಂತೆ. ಏಳು ಗಂಟೆಗೆ ಸ್ವಿಚ್ಚು ಹಾಕಿದೊಡನೆ ಸಾವಿರಾರು ಜನ "ಓ" ಎಂದು ಕೂಗುತ್ತಿದ್ದರು. ತಾತ ಮಾತ್ರ ಕೂಗುತ್ತಿರಲಿಲ್ಲ.

"ತಾತ ಅರಮನೆ ನೋಡ್ತಾನೇ ಇರ್ಲಿಲ್ಲ ಕಣ್ರೀ. ಉರೀದೇ ಇರೋದನ್ನ ನೋಡ್ತಿದ್ರು. 'ಮೂರನೇ ಕಮಾನು, ಎಡಗಡೆ, ಏಳನೇದು' ಅಂತ ಬೆರಳು ಮಡಚೋರು. ನನಗೂ ಹುಡುಕೋಕೆ ಹೇಳೋರು. ಒಂದು ಕಂಡುಹಿಡಿದ್ರೆ ಒಂದು ಪೆಪ್ಪರ್‌ಮೆಂಟು. ಮಾರನೇ ದಿನ ಏಣಿ, ಗೋಣಿಚೀಲ. ಒಂದ್ಸಲ ಬಿದ್ದು ಕೈ ಮುರೀತು. ಕಟ್ಟು ಹಾಕಿಸಿಕೊಂಡು ಸಂಜೆ ಮತ್ತೆ ಬಂದು ನಿಂತರು."

"ನಮಗ್ಯಾಕೆ ಒಂದು ದಿನಾನೂ ಹೇಳ್ಲಿಲ್ಲ ಇದನ್ನ?" ಎಂದರು ಲೀಲಾ.

"ಬಲ್ಬು ಹಾಕೋನು ಅಂತ ಅನ್ನಿಸ್ಕೋಬೇಕಿತ್ತಾ?"

"ಎಲ್ರಿಗೂ ಗೊತ್ತು ರೀ."

"ಎಲ್ರಿಗೂ ಅಂದ್ರೆ?"

ಲೀಲಾ ನನ್ನ ಕಡೆ ನೋಡಿದರು. ನಾನು ಕ್ಯಾಮೆರಾದ ಲೆನ್ಸು ಒರೆಸತೊಡಗಿದೆ. ಲಕ್ಷ್ಮೀಕಾಂತರು ಒಬ್ಬರೇ ನಗತೊಡಗಿದರು. ನಕ್ಕರೆ ನೆತ್ತಿ ನೋಯುತ್ತಿತ್ತು, ಆದ್ದರಿಂದ ಅಳು ಬಂದವರ ಹಾಗೆ ಕಾಣುತ್ತಿದ್ದರು. ಬಂದೂ ಇರಬಹುದು.

ಆಮೇಲೆ ಕೆಳಗಿಳಿದು ಸಮಾಧಿಗಳನ್ನು ನೋಡಿದೆವು. ಅಮೃತಶಿಲೆಯ ದೊಡ್ಡ ಪೆಟ್ಟಿಗೆಗಳು. ನಡುವಿನದು ಮೆನೆಲಿಕ್‌ನದು, ಒಂದು ಪಕ್ಕ ಮಗಳು ಜೌದಿತು, ಇನ್ನೊಂದು ಪಕ್ಕ ರಾಣಿ ತಾಯ್ತು. ಲೀಲಾ ರಾಣಿಯ ಹತ್ತಿರ ನಿಂತರು, ಅಲ್ಲಿಂದ ಕದಲಲಿಲ್ಲ. ಬಿಸಿನೀರ ಬುಗ್ಗೆಯ ಬಳಿ ಮನೆ ಬೇಕೆಂದು ಗಂಡನನ್ನು ಒಪ್ಪಿಸಿ ಈ ಊರು ಹುಟ್ಟಲು ಕಾರಣಳಾದವಳು, ಅಡಿಸ್ ಅಬಾಬಾ, ಅಂದರೆ 'ಹೊಸ ಹೂವು', ಎಂದು ಹೆಸರಿಟ್ಟವಳು ಇವಳೇ. ಅಡ್ವಾಕ್ಕೆ ತನ್ನದೇ ದಂಡು ಕಟ್ಟಿಕೊಂಡು ಹೋದಳು. ಗಂಡ ಹಾಸಿಗೆ ಹಿಡಿದಾಗ ರಾಜ್ಯ ನಡೆಸಿದಳು. ಕೊನೆಗೆ ದೊಡ್ಡವರೆಲ್ಲ ಸೇರಿ ಅವಳನ್ನು ಬದಿಗೆ ಸರಿಸಿದರು ಎಂದು ಪಾದ್ರಿ ಹೇಳಿದರು.

"ಇವರ ಲೇಖನದಲ್ಲಿ ಈಯಮ್ಮನ ಹೆಸರೇ ಇಲ್ವಲ್ಲ ಅನಂತ್?"

"ಒಂದು ಕಡೆ ಇದೆ ಮೇಡಂ. 'ಚಕ್ರವರ್ತಿಯು ಸಪತ್ನೀಕನಾಗಿ' ಅಂತ."

ಲೀಲಾ ಪಾದ್ರಿಯ ಅಪ್ಪಣೆ ಕೇಳಿ, ತಂದಿದ್ದ ಹಾರವನ್ನು ಬಿಚ್ಚಿ, ಒಂದು ಹಿಡಿ ಹೂವನ್ನು ರಾಣಿಯ ಕಾಲ ಕಡೆ ನೆಲದ ಮೇಲಿಟ್ಟರು. ಹೂವಿಗೆ ಪಾದ್ರಿ ಬೇಡವೆನ್ನಲಿಲ್ಲ. ಫೋಟೋ ತೆಗೆಯುವಂತಿರಲಿಲ್ಲ.

ಅಕ್ಟೋಬರಿನಲ್ಲಿ ದಸರಾ ಕಾರ್ಯಕ್ರಮ ನೈರೋಬಿಯ ಕರೆನ್ ಬಡಾವಣೆಯ ಶಾಲೆಯೊಂದರ ಸಭಾಂಗಣದಲ್ಲಿ ನಡೆಯಿತು. ಲಕ್ಷ್ಮೀಕಾಂತರು ಉಪನ್ಯಾಸಕ್ಕೆ ಎದ್ದು, ಎರಡು ಸಾಮ್ರಾಜ್ಯಗಳ ಬಾಂಧವ್ಯದ ಬದಲು ಇಪ್ಪತ್ತೈದು ನಿಮಿಷ ಬಲ್ಬಿನ ಬಗ್ಗೆ ಮಾತಾಡಿದರು. ನಮ್ಮ ತಾತ ಬಲ್ಬು ಹಾಕುತ್ತಿದ್ದರು ಎಂಬುದೇ ಮೊದಲ ವಾಕ್ಯ. ನಾನು ಗಾಬರಿಯಿಂದ ಸಭೆಯತ್ತ ನೋಡಿದೆ. ಯಾರೂ ಬೆಚ್ಚಲಿಲ್ಲ, ಎಲ್ಲರಿಗೂ ಗೊತ್ತಿದ್ದದ್ದೇ. ಗೊತ್ತಿಲ್ಲದ ಹೊಸಬರು ಇದೇನೋ ಅಧ್ಯಾತ್ಮ ಅಂದುಕೊಂಡರು. ವಂದನಾರ್ಪಣೆ ಮಾಡಿದ ಉಪಾಧ್ಯಕ್ಷ ಹನುಮಂತ ಅವರು 'ಒಳಗಿನ ಬೆಳಕಿನ ಕುರಿತ ತಾತ್ವಿಕ ಚಿಂತನೆ'ಗಾಗಿ ಕೃತಜ್ಞತೆ ಸಲ್ಲಿಸಿದರು. ಲಕ್ಷ್ಮೀಕಾಂತರ ಮಗಳು ಅಪೇಕ್ಷಾ ಮಾತ್ರ, ಇಲ್ಲೇ ಹುಟ್ಟಿ ಬೆಳೆದ ಹುಡುಗಿ, ಕಾರ್ಯಕ್ರಮ ಮುಗಿಯುವವರೆಗೂ ಫೋನು ಮುಟ್ಟಲಿಲ್ಲ. ಊಟದ ಸಾಲಿನಲ್ಲಿ ಅಪ್ಪನ ಹಿಂದೆ ನಿಂತು, "ಪಪ್ಪಾ, ಹೌ ಹೈ ವಾಸ್ ದ ಲ್ಯಾಡರ್?" ಎಂದು ಕೇಳುತ್ತಿದ್ದಳು.

ಸ್ಮರಣ ಸಂಚಿಕೆಯಲ್ಲಿ ಮೊದಲ ಲೇಖನವೇ ಅಚ್ಚಾಗಿತ್ತು. ಹೊರಡುವ ಮೊದಲು ಬರೆದದ್ದು, ರೋಮಾಂಚನದ ಒಂದೂವರೆ ಪುಟದ ಸಮೇತ. ನೈರೋಬಿಗೆ ಮರಳಿದ ವಾರವೇ ಅದನ್ನು ತಡೆಯಿರಿ ಎಂದು ಅವರು ನನಗೆ ಹೇಳಿದ್ದರು; ನಾನು ಮುದ್ರಕರಿಗೆ ಹೇಳಲು ಮರೆತಿದ್ದೆ. ಏಳು ಕೋಟಿ ಕನ್ನಡಿಗರ ಪರವಾಗಿ ಮೆನೆಲಿಕ್ ಚಕ್ರವರ್ತಿಗೆ ಮೈಸೂರು ಪೇಟ ತೊಡಿಸಲಾಯಿತು ಎಂಬುದು ಈಗ ದಾಖಲೆ. ತಿದ್ದುಪಡಿ ಹಾಕಿ ಎಂದು ಲಕ್ಷ್ಮೀಕಾಂತರು ಸಭೆಯಲ್ಲಿ ಕೇಳಿದರು. ಸಭೆ ಒಪ್ಪಲಿಲ್ಲ. ಬೆಂಗಳೂರಿನ ಪತ್ರಿಕೆಯೊಂದು ಆ ಸುದ್ದಿಯನ್ನು ಆಗಲೇ ಎತ್ತಿಕೊಂಡಿತ್ತು, ದುಬೈಯಿಂದ ಅಧ್ಯಕ್ಷರು ಅಭಿನಂದನೆ ಕಳಿಸಿದ್ದರು. ಹೆಮ್ಮೆಯ ಕೆಲಸವನ್ನು ಆಗಿಲ್ಲ ಎಂದು ಯಾರು ಬರೆದಾರು? "ಸಾರ್, ಸ್ವಲ್ಪ ಜನ ಏನಾದ್ರೂ ಮಾಡಿಬಿಟ್ಟು ಸುಳ್ಳು ಅಂತಾರೆ, ನೀವು ಮಾಡದೇ ಇರೋದನ್ನೇ ಸುಳ್ಳು ಅಂತ ಯಾಕೆ ಹಠ ಹಿಡೀತೀರಿ?" ಎಂದರು ಹನುಮಂತ. ಆ ವಾಕ್ಯದ ಅರ್ಥ ನನಗೆ ಇಂದಿಗೂ ಆಗಿಲ್ಲ, ಆದರೆ ಚರ್ಚೆ ಅಲ್ಲಿಗೆ ಮುಗಿಯಿತು. ಲಕ್ಷ್ಮೀಕಾಂತರು "ಹಪಾನಾ" ಎಂದು ಒಂದೇ ಮಾತು ಹೇಳಿ, ಸನ್ಮಾನ ಸಮಿತಿಗೆ ರಾಜೀನಾಮೆ ಕೊಟ್ಟು ಹೊರಟರು.

ಈಗ ಆ ಜಾಗಕ್ಕೆ ಲೀಲಾ ಬಂದಿದ್ದಾರೆ. ಬರುವ ಈಸ್ಟರ್ ರಜೆಗೆ ಕಂಪಾಲಾದಲ್ಲಿ ಬುಗಾಂಡ ಅರಸರ ಸಮಾಧಿ ನೋಡಲು ಹದಿನೆಂಟು ಮನೆಯವರು ಹೆಸರು ಕೊಟ್ಟಿದ್ದಾರೆ. ಪೇಟ ಬೇಡ, ಶಾಲೂ ಬೇಡ, ಅಲ್ಲಿನ ಹೆಂಗಸರ ಹತ್ತಿರ ಕೂತು ಕಥೆ ಕೇಳಿಕೊಂಡು ಬರೋಣ ಎಂದು ಲೀಲಾ ಹೇಳಿದ್ದಕ್ಕೆ ಅರ್ಧ ಸಮಿತಿ ಮುನಿಸಿಕೊಂಡಿದೆ. ಲಕ್ಷ್ಮೀಕಾಂತರು ಹೋಗುತ್ತಿಲ್ಲ. ಕಾರ್ಖಾನೆಯಲ್ಲಿ ಆ ವಾರ ಆಡಿಟ್ ಇದೆಯಂತೆ. ಹೆಂಡತಿಯ ಚೀಲಕ್ಕೆ ನೋವಿನ ಮಾತ್ರೆ, ವಾಂತಿಯ ಮಾತ್ರೆ ಎಲ್ಲ ತಾವೇ ಜೋಡಿಸಿ, ಒಂದೊಂದರ ಮೇಲೂ ಕನ್ನಡದಲ್ಲಿ ಚೀಟಿ ಅಂಟಿಸುತ್ತಿದ್ದಾರೆ.